ಈ ಬೇಸಿಗೆಗೆ ಎಲ್ಲಿಗೆ? ಎನ್‌ಎಚ್ 48 ಮತ್ತು ನೃಪತುಂಗನ ಚಿಕ್ಕಪ್ಪನ ಮಗ

ವಿಡಿಯೋ ನೋಡೋಕೆ ಪುರುಸೊತ್ತಿಲ್ಲ, ಆಫೀಸ್ ಬಸ್ಸಲ್ಲಿ ಓದ್ಕೋತೀವಿ ಅನ್ನೋರಿಗಾಗಿ ಈ ಬರಹ. ಮಾತಿನಲ್ಲಿ ಹೇಳಿದ್ದನ್ನೇ ಸ್ವಲ್ಪ ಓರಣ ಮಾಡಿ ಬರೆದಿದ್ದೇನೆ, ಅಷ್ಟೆ.

ಪ್ರತಿ ವರ್ಷ ಮಾರ್ಚ್ ಬಂತು ಅಂದ್ರೆ ನಮ್ಮ ಮನೆಯಲ್ಲಿ ಒಂದು ಎಕ್ಸೆಲ್ ಶೀಟ್ ತೆರೆಯುತ್ತೆ. ಹೆಸರು ‘ಬೇಸಿಗೆ’. ಅಡ್ಡಸಾಲಿನಲ್ಲಿ ಊರುಗಳು, ಕಾಲಂಗಳಲ್ಲಿ ಖರ್ಚು, ರಜೆ ದಿನ, ಬಿಸಿಲು, ಪ್ರಯಾಣದ ಗಂಟೆ. ಎಂಟೆಕ್ ಮಾಡಿದವನಿಗೆ ಇಷ್ಟಾದರೂ ಮಾಡದಿದ್ದರೆ ನಿದ್ದೆ ಬರಲ್ಲ. ಈ ಸಲದ ಸಾಲುಗಳು ನಾಲ್ಕು: ಮನಾಲಿ, ಮೌಂಟ್ ಅಬು, ಸಿಂಗಾಪುರ (ಇದು ಎಂಟು ವರ್ಷದ ಮಗಳು ಸೇರಿಸಿದ್ದು), ಮತ್ತೆ ಕೊನೆಯಲ್ಲಿ ‘ಊರು’.

ನನ್ನ ಊರು ಗದಗ. ಹೆಂಡತಿಯದು ಶಿವಮೊಗ್ಗ. ಮಗಳು ಹುಟ್ಟಿದ್ದು ವಡೋದರಾದಲ್ಲಿ, ಬೆಳೆಯುತ್ತಿರೋದು ಅಹಮದಾಬಾದಿನಲ್ಲಿ. ನಾನು ತಿಂಗಳಿಗೊಮ್ಮೆ ಕೆಲಸದ ಮೇಲೆ ಸೂರತ್‌ಗೆ ಹೋಗಿಬರ್ತೀನಿ. ನಾನು ಎಂಟೆಕ್ ಓದಿದ್ದು ಸುರತ್ಕಲ್‌ನಲ್ಲಿ. ಹಾಗಾಗಿ ಅವ್ವ ಯಾರಿಗಾದರೂ “ಮಗ ಸೂರತ್‌ಗೆ ಹೋಗ್ಯಾನ” ಅಂದರೆ, “ಮತ್ತ ಓದಾಕ ಹತ್ಯಾನೇನು?” ಅಂತ ಕೇಳೋರು ನಮ್ಮ ಓಣಿಯಲ್ಲಿ ಈಗಲೂ ಇದ್ದಾರೆ.

ಕಳೆದ ಮೂರು ಬೇಸಿಗೆ ನಾವು ಊರಿಗೆ ಹೋಗಿಲ್ಲ. ಒಂದು ವರ್ಷ ಪ್ರಾಜೆಕ್ಟ್ ಡೆಲಿವರಿ, ಒಂದು ವರ್ಷ ಹಿಮಾಚಲ, ಒಂದು ವರ್ಷ ವೇಟಿಂಗ್ ಲಿಸ್ಟ್ ಕೊನೆಗೂ ಕನ್‌ಫರ್ಮ್ ಆಗಲಿಲ್ಲ. ಅದರಲ್ಲಿ ತಪ್ಪೇನು ಅಂತ ಅನ್ಕೊಂಡಿದ್ದೆ. ಫೆಬ್ರವರಿಯಲ್ಲಿ ಮಗಳ ಶಾಲೆಯಿಂದ ಒಂದು ವರ್ಕ್‌ಶೀಟ್ ಬಂತು: ನಿಮ್ಮ ವಂಶವೃಕ್ಷ ಬರೆಯಿರಿ. ಅಪ್ಪ, ಅಮ್ಮ, ಅಜ್ಜ, ಅಜ್ಜಿ ಎಲ್ಲಾ ತುಂಬಿಸಿದ್ದಳು. ಕಸಿನ್ಸ್ ಅನ್ನೋ ಡಬ್ಬಿಯಲ್ಲಿ ಪಕ್ಕದ ಫ್ಲಾಟಿನ ಇಬ್ಬರು ಗುಜರಾತಿ ಮಕ್ಕಳ ಹೆಸರು ಬರೆದಿದ್ದಳು. ನಮ್ಮ ಅಣ್ಣನಿಗೆ ಇಬ್ಬರು ಗಂಡುಮಕ್ಕಳು. “ಅವರ ಹೆಸರು ಬರೀಲಿಲ್ವಾ ಪುಟ್ಟಿ?” ಅಂದೆ. “ಅವರು ಫೋನಲ್ಲಿ ಬರೋ ಅಣ್ಣಂದಿರಲ್ವಾ?” ಅಂದಳು.

ಅವತ್ತಿಂದ ಆ ನಾಲ್ಕನೇ ಸಾಲು ನನ್ನನ್ನು ಬಿಟ್ಟಿಲ್ಲ. ಇತಿಹಾಸ ಓದೋ ಚಟ ಇರೋದರಿಂದ ಅದನ್ನೂ ಶೀಟಿಗೆ ಜೋಡಿಸಿ ನೋಡಿದೆ. ಸಿಕ್ಕಿದ್ದನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ.

ಮೊದಲು ಮೌಂಟ್ ಅಬು ವಿಷಯ. ಪಕ್ಕದ ಫ್ಲಾಟಿನ ಕಾಕಾ ಪ್ರವಾಸದ ವಿಷಯದಲ್ಲಿ ಭಾರೀ ಶಿಸ್ತಿನವರು. ದೀಪಾವಳಿ ಪ್ರವಾಸ ಮುಗಿಸಿ ಬಂದ ವಾರವೇ ಬೇಸಿಗೆಯದು ಬುಕ್ ಆಗಿರುತ್ತೆ. ಒಂದು ಚೀಲ ಥೇಪ್ಲಾ, ಒಂದು ಡಬ್ಬಿ ಖಾಖ್ರಾ, ಛುಂದೋ ಉಪ್ಪಿನಕಾಯಿ, ಇಷ್ಟಿದ್ದರೆ ಅವರು ಪ್ರಪಂಚ ಸುತ್ತಿ ಬರ್ತಾರೆ. “ಅಬು ನಮ್ಮದೇ ಅಲ್ವಾ, ಎರಡು ದಿನ ಹೋಗಿ ಬನ್ನಿ” ಅಂತ ಅವರ ಸಲಹೆ. ರಾಜಸ್ಥಾನದ ಬೆಟ್ಟವನ್ನ ಇವರು ನಮ್ಮದು ಅಂತಾರಲ್ಲ ಅಂತ ನೋಡಿದರೆ ಅದಕ್ಕೊಂದು ಕಾರಣ ಸಿಕ್ತು. 1950ರಿಂದ 1956ರವರೆಗೆ ಅಬು ಆಗಿನ ಮುಂಬೈ ರಾಜ್ಯದಲ್ಲೇ ಇತ್ತು. ಅದು ರಾಜಸ್ಥಾನಕ್ಕೆ ಹೋದ ದಿನ ಯಾವುದು ಗೊತ್ತಾ? 1956ರ ನವೆಂಬರ್ 1. ನಮ್ಮ ರಾಜ್ಯೋತ್ಸವದ ದಿನ!

ಇದು ಬರೀ ಕಾಕತಾಳೀಯ ಅಲ್ಲ. ರಾಜ್ಯ ಪುನರ್ವಿಂಗಡಣೆಯ ಅದೇ ಕಾಯ್ದೆ ಅಬುವನ್ನ ರಾಜಸ್ಥಾನಕ್ಕೂ, ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಜಿಲ್ಲೆಗಳನ್ನ ಮೈಸೂರು ರಾಜ್ಯಕ್ಕೂ ಕೊಟ್ಟಿತು. ಗದಗ ಆಗ ಧಾರವಾಡ ಜಿಲ್ಲೆಯೊಳಗಿತ್ತು. ಅದಕ್ಕೆ ಮುಂಚೆ ಬ್ರಿಟಿಷರ ಕಾಲದಿಂದಲೂ ಧಾರವಾಡ, ಅಹಮದಾಬಾದ್, ಸೂರತ್ ಮೂರೂ ಮುಂಬೈ ಪ್ರಾಂತ್ಯದ ಜಿಲ್ಲೆಗಳು. ವಡೋದರಾ ಮಾತ್ರ ಗಾಯಕವಾಡರ ಸಂಸ್ಥಾನವಾಗಿತ್ತು, 1949ರಲ್ಲಿ ಅದೂ ಮುಂಬೈಗೆ ಸೇರಿತು. ಅಂದರೆ ನಮ್ಮ ಅಜ್ಜ ಗದಗಿನಿಂದ ಅಹಮದಾಬಾದಿಗೆ ಬಂದಿದ್ದರೆ ಅವರು ‘ಹೊರರಾಜ್ಯ’ಕ್ಕೆ ಬಂದಂತಲ್ಲ, ತಮ್ಮದೇ ರಾಜ್ಯದ ಇನ್ನೊಂದು ಜಿಲ್ಲೆಗೆ ಬಂದಂತೆ. ಗುಜರಾತ್ ಅನ್ನೋ ರಾಜ್ಯ ಹುಟ್ಟಿದ್ದು 1960ರ ಮೇ 1ರಂದು, ನಾವು ಆ ಮನೆಯಿಂದ ಹೊರಬಂದು ಮೂರೂವರೆ ವರ್ಷ ಆದ ಮೇಲೆ.

ಈಗ ನಕ್ಷೆ ತೆಗೆದು ನೋಡಿ. ನಮ್ಮ ಅಹಮದಾಬಾದ್ ಮನೆಯಿಂದ ವಡೋದರಾ, ಸೂರತ್ ಕಡೆ ಹೋಗೋ ಹೆದ್ದಾರಿ ಎನ್‌ಎಚ್ 48. ಅದೇ ರಸ್ತೆ ಮುಂದೆ ಮುಂಬೈ, ಪುಣೆ, ಕೊಲ್ಹಾಪುರದ ಬದಿಯಿಂದ ಬೆಳಗಾವಿ, ಧಾರವಾಡ, ಹುಬ್ಬಳ್ಳಿ, ಹಾವೇರಿ, ದಾವಣಗೆರೆ, ತುಮಕೂರು ದಾಟಿ ಬೆಂಗಳೂರಿಗೆ ಹೋಗುತ್ತೆ. ನಂಬರ್ ಕೂಡ ಬದಲಾಗಲ್ಲ. ನಾನು ಇಲ್ಲಿಗೆ ಬಂದು ಹತ್ತು ವರ್ಷವಾದರೂ ಇದನ್ನ ಗಮನಿಸಿರಲಿಲ್ಲ. ಆಫೀಸಿಗೆ ಹೋಗುವಾಗ ದಿನಾ ಬೋರ್ಡಿನಲ್ಲಿ ಕಾಣೋ ಆ 48, ಹುಬ್ಬಳ್ಳಿ ಬೈಪಾಸಿನ 48 ಕೂಡ ಹೌದು. ಅವತ್ತು ಶೀಟಿನಲ್ಲಿ ‘ಊರು’ ಅನ್ನೋ ಸಾಲಿನ ಮುಂದೆ ‘ವಿಮಾನ, ರೈಲು’ ಜೊತೆಗೆ ‘ಕಾರು’ ಅಂತ ಸೇರಿಸಿದೆ. ಗದಗಿನವರೆಗೆ ಸುಮಾರು 1,200 ಕಿಲೋಮೀಟರ್. ಇಬ್ಬರೂ ಓಡಿಸ್ತೀವಿ. ಮೂರು ದಿನ ತಗೊಂಡರೆ ಆರಾಮ.

ದಾರಿಯಲ್ಲಿ ಏನಿದೆ? ಮಗಳ ಪ್ರಶ್ನೆ ಇದೇ. ನನಗೆ ಗೊತ್ತಿರುವುದನ್ನ ದಾರಿಯ ಕ್ರಮದಲ್ಲೇ ಹೇಳ್ತೀನಿ.

ಅಹಮದಾಬಾದಿನಿಂದ ಶುರು ಮಾಡೋಣ. ಅಹಮದ್ ಶಾ 1411ರಲ್ಲಿ ಈ ಊರು ಕಟ್ಟೋದಕ್ಕೆ ಮುಂಚೆ ಇಲ್ಲಿ ಆಶಾವಲ್ ಇತ್ತು, ಅದರ ಹತ್ತಿರ ಸೋಲಂಕಿ ರಾಜ ಕರ್ಣ 11ನೇ ಶತಮಾನದಲ್ಲಿ ಕರ್ಣಾವತಿ ಅನ್ನೋ ಪಟ್ಟಣ ಕಟ್ಟಿದ. ಈ ಕರ್ಣನ ರಾಣಿ ಮಯಣಲ್ಲದೇವಿ ಕನ್ನಡನಾಡಿನ ಮಗಳು, ಗೋವೆಯ ಕದಂಬ ರಾಜ ಜಯಕೇಶಿಯ ಮಗಳು. ಗುಜರಾತಿಗಳು ಅವಳನ್ನ ಮೀನಳದೇವಿ ಅಂತಾರೆ. ಅವಳ ಮಗನೇ ಸಿದ್ಧರಾಜ ಜಯಸಿಂಹ, ಗುಜರಾತಿನ ಇತಿಹಾಸದಲ್ಲಿ ಅವನಷ್ಟು ದೊಡ್ಡ ಹೆಸರುಗಳು ಕಡಿಮೆ.

ಮೀನಳದೇವಿಯ ಬಗ್ಗೆ ಇಲ್ಲಿ ಎರಡು ಕಥೆ ಎಲ್ಲರಿಗೂ ಗೊತ್ತು. ಒಂದು, ಧೋಳ್ಕಾದ ಮಲಾವ್ ಕೆರೆಯದು. ಕೆರೆ ಕಟ್ಟಿಸುವಾಗ ದಂಡೆಯ ಸಾಲಿಗೆ ಒಬ್ಬ ಹೆಂಗಸಿನ ಮನೆ ಅಡ್ಡ ಬಂತು. ಎಷ್ಟು ದುಡ್ಡು ಕೊಟ್ಟರೂ ಅವಳು ಮಾರಲಿಲ್ಲ. ರಾಣಿ ಬಲವಂತ ಮಾಡದೆ ಕೆರೆಯ ಆಕಾರವನ್ನೇ ಬದಲಿಸಿದಳಂತೆ. ನ್ಯಾಯ ನೋಡಬೇಕಾದರೆ ಮಲಾವ್ ನೋಡು ಅನ್ನೋ ಮಾತು ಇಲ್ಲಿ ಗಾದೆಯಾಗಿದೆ. ಎರಡನೆಯದು ನಮ್ಮ ಇವತ್ತಿನ ವಿಷಯಕ್ಕೆ ಇನ್ನೂ ಹತ್ತಿರದ್ದು. ಆಗ ಸೋಮನಾಥ ಯಾತ್ರೆಗೆ ಹೋಗೋರು ಬಾಹುಲೋಡ ಅನ್ನೋ ಕಡೆ ತೆರಿಗೆ ಕಟ್ಟಬೇಕಿತ್ತು. ಕಟ್ಟಲಾಗದ ಬಡವರು ಅಳುತ್ತಾ ಅಲ್ಲಿಂದಲೇ ವಾಪಸ್ ಬರುತ್ತಿದ್ದರು. ಮೀನಳದೇವಿ ಮಗನಿಗೆ ಹೇಳಿ ಆ ತೆರಿಗೆಯನ್ನೇ ರದ್ದು ಮಾಡಿಸಿದಳು ಅಂತ ಮೇರುತುಂಗ ತನ್ನ ಪ್ರಬಂಧಚಿಂತಾಮಣಿಯಲ್ಲಿ ಬರೆದಿದ್ದಾನೆ. ಆ ಕಾಲದ ಜನಕ್ಕೆ ಯಾತ್ರೆಯೇ ರಜೆ, ಯಾತ್ರೆಯೇ ಪ್ರವಾಸ. ಅಂದರೆ ಬಡವರಿಗೂ ಒಂದು ಪ್ರವಾಸ ಇರಲಿ ಅಂತ ಟೋಲ್ ತೆಗೆಸಿದವಳು ನಮ್ಮ ಕಡೆಯಿಂದ ಬಂದ ಸೊಸೆ. ಫಾಸ್ಟ್ಯಾಗ್ ಬೀಪ್ ಅಂದಾಗೆಲ್ಲ ನನಗೆ ಅವಳ ನೆನಪು ಬರುತ್ತೆ.

ಅಹಮದಾಬಾದಿನಿಂದ ಇನ್ನೊಬ್ಬ ಕನ್ನಡಿಗ ಹೊರಟಿದ್ದ, ಅದೂ ನಡೆದುಕೊಂಡು, ಅದೂ ಬಿಸಿಲಲ್ಲಿ. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿ ಆಶ್ರಮದಿಂದ ದಂಡಿಗೆ ಹೊರಟಾಗ ಜೊತೆಯಲ್ಲಿದ್ದ 78 ಜನರಲ್ಲಿ ಕರ್ನಾಟಕದಿಂದ ಬಂದವರು ಮೈಲಾರ ಮಹಾದೇವಪ್ಪ, ಇನ್ನೂ ಇಪ್ಪತ್ತು ತುಂಬದ ಹುಡುಗ. ಊರು ಹಾವೇರಿ ಹತ್ತಿರದ ಮೋಟೆಬೆನ್ನೂರು. ಭರೂಚ್, ಸೂರತ್, ನವಸಾರಿ ದಾಟಿ ಏಪ್ರಿಲ್ ಮೊದಲ ವಾರ ದಂಡಿ ಮುಟ್ಟಿದರು. ಆ ಮೋಟೆಬೆನ್ನೂರು ಕೂಡ ಇವತ್ತು ಎನ್‌ಎಚ್ 48ರ ಮೇಲೇ ಇದೆ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಅವರು ಪೊಲೀಸರ ಗುಂಡಿಗೆ ಬಲಿಯಾದರು. ಆಶ್ರಮ ನೋಡಿಕೊಂಡು ಬಂದ ಎಷ್ಟೋ ಕನ್ನಡದ ಗೆಳೆಯರಿಗೆ ಈ ಹೆಸರು ಗೊತ್ತಿರಲ್ಲ. ನಿಮ್ಮ ಮಕ್ಕಳಿಗಾದರೂ ಹೇಳಿ.

ಇಲ್ಲಿಂದ ವಡೋದರಾ, ಎಕ್ಸ್‌ಪ್ರೆಸ್‌ವೇಯಲ್ಲಿ ಎರಡು ಗಂಟೆಯೂ ಬೇಡ. ಈ ಊರಿನ ಹೆಸರು ಬರೋ ತುಂಬಾ ಹಳೆಯ ದಾಖಲೆ ಒಂದು ತಾಮ್ರಪಟ. ಕಾಲ ಶಕ 734, ಅಂದರೆ ಕ್ರಿ.ಶ. 812. ಅದರಲ್ಲಿ ವಡೋದರಾ ಇನ್ನೂ ‘ವಟಪದ್ರಕ’ ಅನ್ನೋ ಹಳ್ಳಿ, ಅಂಕೋಟ್ಟಕಕ್ಕೆ ಸೇರಿದ 84 ಹಳ್ಳಿಗಳಲ್ಲಿ ಒಂದು. ಅಂಕೋಟ್ಟಕವೇ ಈಗ ಊರೊಳಗಿನ ಒಂದು ಬಡಾವಣೆಯಾದ ಅಕೋಟಾ. ನಾವು ಅಲ್ಲೇ ಬಾಡಿಗೆಗಿದ್ದೆವು, ಮಗಳು ಹುಟ್ಟಿದಾಗ! ಅಲ್ಲಿ ಸಿಕ್ಕ ಹಳೆಯ ಜೈನ ಕಂಚಿನ ಮೂರ್ತಿಗಳು ಸಯಾಜಿಬಾಗಿನ ಬರೋಡಾ ಮ್ಯೂಸಿಯಂನಲ್ಲಿವೆ. ಆ ಹಳ್ಳಿಯನ್ನ ದಾನ ಕೊಟ್ಟು ತಾಮ್ರಪಟ ಬರೆಸಿದವನು ಯಾರು? ಕರ್ಕ ಸುವರ್ಣವರ್ಷ, ನಮ್ಮ ರಾಷ್ಟ್ರಕೂಟ ಮನೆತನದವನು.

ಈಗ ಇಲ್ಲಿ ಸ್ವಲ್ಪ ನಿಲ್ಲೋಣ. ನಾನು ಹೇಳಬೇಕಾದ ಮುಖ್ಯ ವಿಷಯ ಇದೇ.

ರಾಷ್ಟ್ರಕೂಟ ಚಕ್ರವರ್ತಿ ಮೂರನೇ ಗೋವಿಂದನಿಗೆ ಇಂದ್ರ ಅಂತ ಒಬ್ಬ ತಮ್ಮ. ದಕ್ಷಿಣ ಗುಜರಾತು, ಆಗಿನ ಹೆಸರು ಲಾಟ ದೇಶ, ಅದನ್ನ ನೋಡಿಕೋ ಅಂತ ಅಣ್ಣ ತಮ್ಮನನ್ನ ಕಳಿಸಿದ. ಇವತ್ತಿನ ಭಾಷೆಯಲ್ಲಿ ಟ್ರಾನ್ಸ್‌ಫರ್ ಅನ್ನಿ. ಇಂದ್ರ ಇಲ್ಲೇ ನೆಲೆಸಿದ, ಅವನ ಮಗನೇ ಈ ಕರ್ಕ.

ಅಣ್ಣ ಗೋವಿಂದ ಉತ್ತರದ ದಂಡಯಾತ್ರೆ ಮುಗಿಸಿ ವಾಪಸ್ ಬರುವಾಗ ಮಳೆಗಾಲಕ್ಕೆ ಶ್ರೀಭವನ ಅನ್ನೋ ಕಡೆ ಬೀಡುಬಿಟ್ಟ. ಇದು ಭರೂಚ್ ಜಿಲ್ಲೆಯ ಸರ್ಭೋಣ್ ಅಂತ ಗುರುತಿಸಿದ ಇತಿಹಾಸಕಾರರಿದ್ದಾರೆ. ವಡೋದರಾ ಮತ್ತು ಸೂರತ್ ನಡುವಿನ ಸೀಮೆ, ನರ್ಮದೆಯ ಬಯಲು. ಆ ಬೀಡಿನಲ್ಲಿ ಸುಮಾರು ಕ್ರಿ.ಶ. 800ರಲ್ಲಿ ಚಕ್ರವರ್ತಿಗೆ ಒಬ್ಬ ಮಗ ಹುಟ್ಟಿದ. ಈ ವಿಷಯ ಹೇಳೋ 871ರ ತಾಮ್ರಪಟ ಸಿಕ್ಕಿದ್ದೂ ಇದೇ ರಸ್ತೆಯ ಹತ್ತಿರದ ಸಂಜಾನಿನಲ್ಲಿ, ಈಗಿನ ವಲಸಾಡ್ ಜಿಲ್ಲೆ. ಆ ಮಗು ಯಾರು ಅಂದ್ಕೊಂಡ್ರಿ? ಅಮೋಘವರ್ಷ ನೃಪತುಂಗ!

ನಾವು ಶಾಲೆಯಲ್ಲಿ ಏನು ಓದಿದ್ದು? ನೃಪತುಂಗ, ಮಾನ್ಯಖೇಟ, ಕವಿರಾಜಮಾರ್ಗ. ಕಾವೇರಿಯಿಂದ ಗೋದಾವರಿವರೆಗೆ ಕನ್ನಡನಾಡು ಅಂತ ಹೇಳಿದ ಪುಸ್ತಕ ಅವನ ಆಸ್ಥಾನದ್ದು. ಕನ್ನಡದ ಎಲ್ಲೆ ಬರೆಸಿದ ಆ ರಾಜ ಹುಟ್ಟಿದ್ದು ಆ ಎಲ್ಲೆಯಿಂದ ಎಷ್ಟೋ ಆಚೆ, ನಮ್ಮ ಮಗಳು ಹುಟ್ಟಿದ ಊರಿನ ಹತ್ತಿರ. ‘ಗುಜರಾತಲ್ಲಿ ಹುಟ್ಟಿದ ಮಗು, ಕನ್ನಡ ಎಲ್ಲಿ ಬರುತ್ತೆ’ ಅಂತ ಯಾರಾದರೂ ಅಂದರೆ ನಾನೀಗ ಈ ಹೆಸರು ಹೇಳ್ತೀನಿ.

ಮುಂದಿನ ಕಥೆ ಕೇಳಿ. 814ರಲ್ಲಿ ಗೋವಿಂದ ತೀರಿಕೊಂಡಾಗ ಅಮೋಘವರ್ಷ ಇನ್ನೂ ಹುಡುಗ. ಸಾಮಂತರು ದಂಗೆ ಎದ್ದರು, ಹುಡುಗ ಸಿಂಹಾಸನ ಕಳೆದುಕೊಂಡ. ಆಗ ಗುಜರಾತಿನಿಂದ ಹೋಗಿ, ದಂಗೆಯೆದ್ದವರನ್ನ ಮಣಿಸಿ, ಅವನನ್ನ ಮತ್ತೆ ಕೂರಿಸಿದವನು ಈ ಕರ್ಕ. ಇದನ್ನ ಹೇಳೋದು ಸೂರತ್ ತಾಮ್ರಪಟ, ಕ್ರಿ.ಶ. 821ರದು. ಕರ್ಕ ಯಾರು? ಅಮೋಘವರ್ಷನ ಚಿಕ್ಕಪ್ಪನ ಮಗ. ನನ್ನ ಮಗಳ ವರ್ಕ್‌ಶೀಟಿನ ಭಾಷೆಯಲ್ಲಿ, ಕಸಿನ್.

ಕರ್ಕ ಅವತ್ತು ಹೋಗದೇ ಇದ್ದಿದ್ದರೆ? ನೃಪತುಂಗನ ಅರವತ್ತಕ್ಕೂ ಹೆಚ್ಚು ವರ್ಷದ ಆಳ್ವಿಕೆ ಇರುತ್ತಿತ್ತೋ ಇಲ್ಲವೋ, ಆ ಆಸ್ಥಾನ, ಆ ಪುಸ್ತಕ ಇರುತ್ತಿತ್ತೋ ಇಲ್ಲವೋ. ಹೋಗಬೇಕಾದ ಅಗತ್ಯವೂ ಅವನಿಗಿರಲಿಲ್ಲ. ಇಲ್ಲಿ ಆರಾಮಾಗಿದ್ದ, ಅಲ್ಲಿ ಗದ್ದಲವಾದಾಗ ಸ್ವತಂತ್ರ ರಾಜ ಅಂತ ಘೋಷಿಸಿಕೊಳ್ಳಬಹುದಿತ್ತು. ಆದರೂ ಹೋದ.

ಆದರೆ ಕಥೆ ಇಲ್ಲಿಗೆ ಮುಗಿಯಲ್ಲ. ಕರ್ಕನ ಮಗ ಧ್ರುವನ ಕಾಲಕ್ಕೆ ಇದೇ ಎರಡು ಮನೆಗಳ ನಡುವೆ ಯುದ್ಧ ಶುರುವಾಯಿತು. ಒಂದೇ ತಲೆಮಾರು! ಅಪ್ಪ ಯಾರನ್ನ ಸಿಂಹಾಸನದ ಮೇಲೆ ಕೂರಿಸಿದ್ದನೋ ಅವನ ಮೇಲೇ ಮಗ ಕತ್ತಿ ಎತ್ತಿದ. ಜಗಳ ದಶಕಗಟ್ಟಲೆ ಎಳೆಯಿತು. ಕೊನೆಗೆ ಉತ್ತರದಿಂದ ಪ್ರತೀಹಾರ ಭೋಜನ ಭಯ ಬಂದಾಗಲೇ, ಸುಮಾರು 860ರ ಹೊತ್ತಿಗೆ, ರಾಜಿಯಾಗಿದ್ದು.

ಯಾಕೆ ಹಾಗಾಯ್ತು? ಅಧಿಕಾರ, ಭೂಮಿ, ಬಂದರಿನ ಆದಾಯ, ಇತಿಹಾಸಕಾರರು ಕೊಡೋ ಕಾರಣಗಳೆಲ್ಲ ಸರಿಯೇ. ನಾನು ಸೇರಿಸೋದು ಒಂದು ಊಹೆ ಮಾತ್ರ, ಶಾಸನದಲ್ಲಿ ಇಲ್ಲದ್ದು. ಇಂದ್ರ ಮತ್ತು ಗೋವಿಂದ ಒಂದೇ ಮನೆಯಲ್ಲಿ ಬೆಳೆದವರು. ಕರ್ಕನಿಗೆ ಆ ಮನೆಯ ನೆನಪು ಅಪ್ಪನಿಂದ ಬಂದಿತ್ತು. ಧ್ರುವನಿಗೆ ಮಾನ್ಯಖೇಟ ಅಂದರೆ ದೂರದ ಒಂದು ರಾಜಧಾನಿ, ಅಲ್ಲಿರೋ ಚಕ್ರವರ್ತಿ ಬರೀ ಹೆಸರು. ನಮ್ಮ ಕಾಲಕ್ಕೆ ಹೇಳೋದಾದರೆ ‘ಫೋನಲ್ಲಿ ಬರೋ ಅಣ್ಣ’.

ನಾವು ಅಣ್ಣ ತಮ್ಮಂದಿರು ಒಂದೇ ತಟ್ಟೆಯಲ್ಲಿ ಉಂಡವರು. ನಾವಿಬ್ಬರು ಜಗಳ ಆಡಿದರೂ ಸಂಜೆಗೆ ಸರಿ ಹೋಗ್ತೀವಿ. ಆದರೆ ನಮ್ಮ ಮಕ್ಕಳು? ನಾಳೆ ಆಸ್ತಿ ಕಾಗದದ ಮೇಲೆ ಸಹಿ ಬೇಕಾದಾಗಲೋ, ಆಸ್ಪತ್ರೆಯಲ್ಲಿ ಯಾರಿಗೋ ರಕ್ತ ಬೇಕಾದಾಗಲೋ ಒಬ್ಬರಿಗೊಬ್ಬರು ಏನಾಗಿರ್ತಾರೆ? ಅದು ತೀರ್ಮಾನವಾಗೋದು ದೊಡ್ಡವರಾದ ಮೇಲೆ ಅಲ್ಲ, ಎಂಟನೇ ವಯಸ್ಸಿನ ಬೇಸಿಗೆ ರಜೆಯಲ್ಲಿ, ಮಾಳಿಗೆ ಮೇಲೆ ಒಟ್ಟಿಗೆ ಮಲಗಿ ನಕ್ಷತ್ರ ಎಣಿಸುವಾಗ.

ದಾರಿಗೆ ವಾಪಸ್ ಬರೋಣ. ಸೂರತ್ ದಾಟಿ ಮೂವತ್ತು ಚಿಲ್ಲರೆ ಕಿಲೋಮೀಟರ್ ಹೋದರೆ ನವಸಾರಿ. ಕ್ರಿ.ಶ. 738ರ ಸುಮಾರಿಗೆ ಸಿಂಧ್ ಕಡೆಯಿಂದ ಬಂದ ಅರಬ್ ಸೈನ್ಯ, ಶಾಸನದಲ್ಲಿ ‘ತಾಜಿಕ’ ಅಂತಿದೆ, ಸೌರಾಷ್ಟ್ರ ಮತ್ತೆ ಗುರ್ಜರ ಸೀಮೆಯನ್ನೆಲ್ಲ ದಾಟಿ ದಕ್ಷಿಣಕ್ಕೆ ನುಗ್ಗಲು ಇಲ್ಲಿಗೆ ಬಂತು. ಅದನ್ನ ತಡೆದವನು ಬಾದಾಮಿ ಚಾಲುಕ್ಯರ ಗುಜರಾತ್ ಶಾಖೆಯ ಅವನಿಜನಾಶ್ರಯ ಪುಲಕೇಶಿ. ಗೆದ್ದ ಮೇಲೆ ಬಾದಾಮಿಯ ಚಕ್ರವರ್ತಿ ಎರಡನೇ ವಿಕ್ರಮಾದಿತ್ಯ ಅವನಿಗೆ ಬಿರುದುಗಳನ್ನ ಕೊಟ್ಟ. ಒಂದು ‘ದಕ್ಷಿಣಾಪಥಸಾಧಾರ’, ಅಂದರೆ ದಕ್ಷಿಣಕ್ಕೆಲ್ಲ ಆಧಾರವಾದವನು. ಇದೆಲ್ಲ ತಿಳಿಯೋದು ನವಸಾರಿ ತಾಮ್ರಪಟದಿಂದ. ಕೆಲಸದ ಮೇಲೆ ಹೋದಾಗ ಒಮ್ಮೆ ನವಸಾರಿಯಲ್ಲಿ ಇಳಿದು ಸುತ್ತಾಡಿದೆ. ಆ ಯುದ್ಧದ ಗುರುತು ನನ್ನ ಕಣ್ಣಿಗೆ ಏನೂ ಬೀಳಲಿಲ್ಲ. ಸಮೋಸಾ ಚೆನ್ನಾಗಿತ್ತು.

ಆದರೆ ಬಿರುದು ಕೊಟ್ಟ ವಿಕ್ರಮಾದಿತ್ಯನ ಗುರುತು ದಾರಿಯ ಆ ತುದಿಯಲ್ಲಿದೆ. ಅವನ ಕಂಚಿ ವಿಜಯದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದೇ ಪಟ್ಟದಕಲ್ಲಿನ ವಿರೂಪಾಕ್ಷ ದೇವಸ್ಥಾನ. ಗದಗಿನಿಂದ ರೋಣ ದಾಟಿ ಬೆಳಿಗ್ಗೆ ಬೇಗ ಹೊರಟರೆ ಮಧ್ಯಾಹ್ನದೊಳಗೆ ನೋಡಿ ಬರಬಹುದು. ಪಕ್ಕದ ಐಹೊಳೆಯಲ್ಲಿ ಕ್ರಿ.ಶ. 634ರ ಮೇಗುಟಿ ಶಾಸನ ಇದೆ. ಇಮ್ಮಡಿ ಪುಲಕೇಶಿಗೆ ಮಣಿದವರ ಪಟ್ಟಿಯಲ್ಲಿ ಅಲ್ಲಿ ಲಾಟರು, ಗುರ್ಜರರು ಇಬ್ಬರೂ ಬರ್ತಾರೆ. ಇಲ್ಲಿಯ ತಾಮ್ರಪಟಗಳಲ್ಲಿ ಅಲ್ಲಿಯವರ ಹೆಸರು, ಅಲ್ಲಿಯ ಕಲ್ಲಿನ ಮೇಲೆ ಇಲ್ಲಿಯವರ ಹೆಸರು. ರಸ್ತೆಯ ಎರಡೂ ತುದಿಯಲ್ಲಿ ನಮ್ಮ ದಾಖಲೆ ಇದೆ.

ಇಷ್ಟೆಲ್ಲ ಒಂದು ರಾತ್ರಿ ಉತ್ಸಾಹದಲ್ಲಿ ಹೆಂಡತಿಗೆ ಹೇಳಿದೆ. ಅವಳು ಪೂರ್ತಿ ಕೇಳಿದಳು. ಆಮೇಲೆ ಹೇಳಿದಳು: “ಕರ್ಕ ಊರಿಗೆ ಹೋದಾಗ ಅವನ ಹೆಂಡ್ತಿ ಎಷ್ಟು ರೊಟ್ಟಿ ಬಡಿದಳು ಅಂತ ತಾಮ್ರಪಟದಲ್ಲಿ ಇದೆಯಾ?”

ನಾನು ಸುಮ್ಮನಾದೆ.

“ಊರಿಗೆ ಹೋದರೆ ನಿಮಗೆ ರಜೆ. ನನಗೆ? ಬೆಳಿಗ್ಗೆ ಆರಕ್ಕೆ ಎದ್ದರೆ ರಾತ್ರಿ ಹನ್ನೊಂದು. ಬಂದವರಿಗೆಲ್ಲ ಚಹಾ. ಅತ್ತೆ ಏನೂ ಅನ್ನಲ್ಲ, ಆದರೆ ಅವರು ಒಲೆ ಮುಂದೆ ನಿಂತಾಗ ನಾನು ಮೊಬೈಲ್ ಹಿಡಿದು ಕೂರೋಕಾಗುತ್ತಾ? ವರ್ಷಪೂರ್ತಿ ನಾನೂ ಆಫೀಸಿಗೆ ಹೋಗ್ತೀನಿ. ಅದಕ್ಕೇ ನಾನು ಮನಾಲಿ ಅಂದಿದ್ದು. ಬೆಟ್ಟ ನೋಡೋಕೆ ಅಂದ್ಕೊಂಡ್ರಾ? ಮತ್ತೆ ಶಿವಮೊಗ್ಗ ನಿಮ್ಮ ಶೀಟಲ್ಲಿ ಎಲ್ಲಿದೆ?”

ಇರಲಿಲ್ಲ. ‘ಊರು’ ಅಂತ ಒಂದೇ ಸಾಲು ಬರೆದಿದ್ದೆ, ಅದು ಗದಗ ಮಾತ್ರ. ಮೀನಳದೇವಿಯ ನ್ಯಾಯದ ಕಥೆ ಹೇಳಿದ ಅರ್ಧ ಗಂಟೆಯಲ್ಲೇ ನಾನು ಸಿಕ್ಕಿಬಿದ್ದಿದ್ದೆ. ಆ ರಾಣಿ ತವರಿಗೆ ಮತ್ತೆ ಹೋದಳಾ ಅಂತ ಯಾವ ಪ್ರಬಂಧವೂ ಹೇಳಲ್ಲ. ನಾನೂ ಅಲ್ಲಿಯವರೆಗೆ ಕೇಳಿಕೊಂಡಿರಲಿಲ್ಲ.

ಹಾಗಾಗಿ ಶೀಟನ್ನ ಇಬ್ಬರೂ ಕೂತು ಮತ್ತೆ ಬರೆದೆವು. ಊರಿಗೆ ಹೋಗಲು ಯೋಚಿಸ್ತಿರೋರಿಗೆ ಉಪಯೋಗವಾಗಬಹುದು ಅಂತ ಹೇಳ್ತೀನಿ.

ಮೊದಲನೆಯದು, ಶಾಲೆ. ಕರ್ನಾಟಕದಲ್ಲಿ ರಾಜ್ಯ ಪಠ್ಯಕ್ರಮದ ಶಾಲೆಗಳಿಗೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ರಜೆ. ಇಲ್ಲಿ ಮಗಳಿಗೆ ರಜೆ ಶುರುವಾಗೋದೇ ಮೇ ತಿಂಗಳಲ್ಲಿ. ಎರಡೂ ಕಡೆ ಮಕ್ಕಳಿಗೆ ರಜೆ ಇರೋದು ಮೇ ತಿಂಗಳ ಕೆಲವೇ ವಾರ. ಟಿಕೆಟ್ ಅಗ್ಗ ಅಂತ ಜೂನ್ ಆರಿಸಿದರೆ ಊರಲ್ಲಿ ಅಣ್ಣಂದಿರು ಶಾಲೆಗೆ ಹೋಗಿರ್ತಾರೆ, ಇವಳು ಅಜ್ಜನ ಜೊತೆ ಟಿವಿ ನೋಡ್ತಾ ಕೂರಬೇಕು. ಮೊದಲು ಈ ದಿನಗಳನ್ನ ಗುರುತಿಸಿ, ಆಮೇಲೆ ಬಾಕಿ ಎಲ್ಲಾ.

ಎರಡನೆಯದು, ಬಿಸಿಲು. ಅಹಮದಾಬಾದಿನಲ್ಲಿ 2016ರ ಮೇ 20ರಂದು 48 ಡಿಗ್ರಿ ಮುಟ್ಟಿತ್ತು. 2010ರ ಬಿಸಿಗಾಳಿಗೆ ನೂರಾರು ಜನ ಸತ್ತ ಮೇಲೆ ಈ ನಗರ 2013ರಲ್ಲಿ ಬಿಸಿಲು ಎದುರಿಸೋ ಯೋಜನೆ ಮಾಡಿತು, ದಕ್ಷಿಣ ಏಷ್ಯಾದಲ್ಲೇ ಮೊದಲನೆಯದು. ಆದ್ದರಿಂದ ಬೆಳಿಗ್ಗೆ ನಾಲ್ಕೂವರೆಗೆ ಹೊರಡೋದು, ಹನ್ನೊಂದರಿಂದ ನಾಲ್ಕರವರೆಗೆ ಗಾಡಿಯೂ ಇಲ್ಲ, ಸುತ್ತಾಟವೂ ಇಲ್ಲ. ಮೊದಲ ದಿನ ವಡೋದರಾ, ಬಿಸಿಲೇರಿದ ಮೇಲೆ ಮ್ಯೂಸಿಯಂ, ಸಂಜೆ ಭರೂಚಿನಲ್ಲಿ ನರ್ಮದೆ, ರಾತ್ರಿ ಸೂರತ್. ಎರಡನೇ ದಿನ ಬೆಳಗಾಗುವಾಗ ದಂಡಿ ಕಡಲತೀರ, ರಾತ್ರಿ ಪುಣೆ. ಮೂರನೇ ದಿನ ಗದಗ.

ಮೂರನೆಯದು, ರೈಲಿನವರಿಗೆ. ಅಹಮದಾಬಾದ್, ವಡೋದರಾ, ಸೂರತ್ ಮೂರನ್ನೂ ಮುಟ್ಟಿ ಹುಬ್ಬಳ್ಳಿಗೆ ಹೋಗೋ ಗಾಂಧಿಧಾಮ–ಬೆಂಗಳೂರು ಎಕ್ಸ್‌ಪ್ರೆಸ್ ವಾರಕ್ಕೊಮ್ಮೆ ಮಾತ್ರ. 2024ರ ನವೆಂಬರ್‌ನಿಂದ ಮುಂಗಡ ಬುಕಿಂಗ್ 120 ದಿನದ ಬದಲು 60 ದಿನ ಮುಂಚೆ ತೆರೆಯುತ್ತೆ. ಹಳೇ ಲೆಕ್ಕದಲ್ಲಿ ಕ್ಯಾಲೆಂಡರ್ ಗುರುತು ಹಾಕಿಕೊಂಡವರು ಸರಿ ಮಾಡಿಕೊಳ್ಳಿ.

ನಾಲ್ಕನೆಯದು, ನನ್ನ ಹೆಂಡತಿಯ ಕಾಲಂ. ಗದಗಿನಲ್ಲಿ ಆರು ದಿನ, ಶಿವಮೊಗ್ಗದಲ್ಲಿ ಐದು ದಿನ. ಗದಗಿನಲ್ಲಿರುವಷ್ಟು ದಿನ ರೊಟ್ಟಿ ಹೊರಗಿನಿಂದ, ನಮ್ಮ ಓಣಿಯಲ್ಲೇ ರೊಟ್ಟಿ ಮಾಡಿ ಮಾರೋರು ಇದ್ದಾರೆ. ಬೆಳಗಿನ ಚಹಾ ಮತ್ತು ಪಾತ್ರೆ ನನ್ನ ಮತ್ತು ಅಣ್ಣನ ಪಾಲಿಗೆ. ಇದನ್ನ ಅಣ್ಣನಿಗೆ ಫೋನ್ ಮಾಡಿ ಹೇಳಿದಾಗ ಆ ಕಡೆ ಸ್ವಲ್ಪ ಹೊತ್ತು ಮಾತೇ ಇರಲಿಲ್ಲ. ಹಿಂದಿನಿಂದ ಅತ್ತಿಗೆ ನಕ್ಕಿದ್ದು ಮಾತ್ರ ಕೇಳಿಸಿತು.

ಕೊನೆಗೆ ಅಪ್ಪನಿಗೆ ಹೇಳಬೇಕಿತ್ತು. ಅವರು ಮೂರು ವರ್ಷದಿಂದ “ಬರ್ರಿ” ಅಂತ ಕರೆದಿಲ್ಲ. “ಬಿಸಿಲು ಭಾಳ ಅದ, ಕೂಸಿಗೆ ತ್ರಾಸ ಆಗ್ತದ, ಆರಾಮ ಇರ್ರಿ” ಅಂತಲೇ ಅಂದಿದ್ದರು. ಪ್ರತಿ ಮೇ ತಿಂಗಳು ಧಾರವಾಡ ಆಪೂಸಿನ ಒಂದು ಪೆಟ್ಟಿಗೆ ಮಾತ್ರ ಬಸ್ಸಿನ ಪಾರ್ಸೆಲ್ಲಿನಲ್ಲಿ ಬರುತ್ತಿತ್ತು, ಅರ್ಧ ಹಣ್ಣು ದಾರಿಯಲ್ಲೇ ಕೆಟ್ಟು. ಇಲ್ಲಿ ಬೇಕಾದಷ್ಟು ಕೇಸರ್ ಮಾವು ಸಿಗುತ್ತೆ, ಕಳಿಸಬೇಡಿ ಅಂತ ನಾನು ಒಮ್ಮೆ ಹೇಳಿಯೂ ಇದ್ದೆ. ಅದನ್ನ ಈಗ ನೆನೆಸಿಕೊಂಡರೆ ನಾಲಿಗೆ ಕಚ್ಚಿಕೊಳ್ಳೋ ಹಾಗಾಗುತ್ತೆ.

“ಅಪ್ಪಾ, ಈ ಸಲ ಕಾರಿನಾಗ ಬರ್ತೀವಿ. ಮೂರು ದಿನದ ದಾರಿ” ಅಂದೆ.

“ಎಷ್ಟ ದಿನಾ ಇರ್ತೀರಿ?”

“ಆರು ದಿನ.”

ಸ್ವಲ್ಪ ಸುಮ್ಮನಿದ್ದು, “ಹಂಗಾರ ಪೆಟಗಿ ಕಳಸೂದ ಬ್ಯಾಡ” ಅಂದರು. ಫೋನ್ ಇಟ್ಟ ಮೇಲೆ ಅವ್ವ ಮತ್ತೆ ಮಾಡಿದಳು. ಅಪ್ಪ ಮಾಳಿಗೆ ಮೇಲಿನ ಕಸ ತೆಗೆಸಲು ಆಳು ಹುಡುಕೋಕೆ ಹೋದರಂತೆ, ಮಾರ್ಚ್ ತಿಂಗಳಲ್ಲೇ.

ಎಲ್ಲರೂ ಊರಿಗೇ ಹೋಗಬೇಕು ಅಂತ ನಾನು ಹೇಳ್ತಿಲ್ಲ. ಕೆಲವರಿಗೆ ಊರಲ್ಲಿ ಯಾರೂ ಉಳಿದಿಲ್ಲ, ಕೆಲವರಿಗೆ ಹೋದರೆ ನೆಮ್ಮದಿ ಇರಲ್ಲ. ನಮ್ಮ ಮಗಳು ನಾಳೆ ಮೀನಳದೇವಿಯ ಹಾಗೆ ಇಲ್ಲಿಯವಳೇ ಆಗಿ ಇಲ್ಲೇ ಕೆರೆ ಕಟ್ಟಿಸಿದರೂ ನನಗೆ ಸಂತೋಷವೇ. ಮನಾಲಿಯೂ ಎಲ್ಲೂ ಓಡಿ ಹೋಗಲ್ಲ, ಅದನ್ನ ಮುಂದಿನ ವರ್ಷದ ಶೀಟಿನಲ್ಲಿ ಹೆಂಡತಿ ಈಗಾಗಲೇ ಮೊದಲ ಸಾಲಿಗೆ ಹಾಕಿ ಲಾಕ್ ಮಾಡಿದ್ದಾಳೆ. ನಾನು ಹೇಳೋದು ಇಷ್ಟೇ: ಶೀಟಿನಲ್ಲಿ ಖರ್ಚು, ಬಿಸಿಲು, ಗಂಟೆಗಳ ಜೊತೆ ಇನ್ನೊಂದು ಕಾಲಂ ಹಾಕಿ. ಅಲ್ಲಿ ಮಕ್ಕಳು ಯಾರ ಜೊತೆ ಇರ್ತಾರೆ?

ಮೊನ್ನೆ ಮಗಳು ಕೇಳಿದಳು, ಆ ನರ್ಮದೆ ಹತ್ತಿರ ಹುಟ್ಟಿದ ರಾಜನಿಗೆ ಗುಜರಾತಿ ಬರ್ತಿತ್ತಾ ಅಂತ. ಗೊತ್ತಿಲ್ಲ ಪುಟ್ಟಿ, ಕನ್ನಡ ಅಂತೂ ಬರ್ತಿತ್ತು ಅಂದೆ. ಹಾಗಾದರೆ ಅಣ್ಣಂದಿರಿಗೆ ನಾನು ಗುಜರಾತಿ ಹೇಳಿಕೊಡ್ತೀನಿ ಅಂದಳು. ವರ್ಕ್‌ಶೀಟ್ ಇನ್ನೂ ಫ್ರಿಜ್ಜಿನ ಮೇಲೇ ಇದೆ. ಆ ಡಬ್ಬಿಯಲ್ಲಿ ಪಕ್ಕದ ಮನೆ ಮಕ್ಕಳ ಹೆಸರನ್ನ ಅಳಿಸಿಲ್ಲ, ಕೆಳಗೆ ಇನ್ನೆರಡು ಹೆಸರು ಬರೋಷ್ಟು ಜಾಗ ಇದೆ.

ಮುಂದಿನ ಮಾತು ಊರಿಂದ ಬಂದ ಮೇಲೆ.